ಸೇತುವೆ ಹತ್ತಿರವಾದಂತೆ ಪೋಸ್ಟೂ ಹತ್ತಿರವಾಗಬೇಕು

ಇದು ಸೇತುವೆಗೆ ಸೇರುವ ರಸ್ತೆಯ ಅಂಚಿನ ಉಕ್ಕಿನ ಕ್ರ್ಯಾಶ್ ಬ್ಯಾರಿಯರಿನ ಮಾತು: ಅಡ್ಡ ತಗಡು ಬೀಮ್, ಅದನ್ನು ಹಿಡಿಯುವ ಕಂಬ ಪೋಸ್ಟ್, ಸೇತುವೆಯ ಅಂಚುಗೋಡೆ ಪ್ಯಾರಪೆಟ್. ಪೋಸ್ಟಿನ ಬುಡಕ್ಕೆಲ್ಲ ಕಾಂಕ್ರೀಟ್ ಸುರಿದು, ಬೀಮನ್ನು ಸೇತುವೆಯ ಪ್ಯಾರಪೆಟ್‌ಗಿಂತ ಒಂದು ಮೊಳ ಹಿಂದೆ ನಿಲ್ಲಿಸಿ ಬಿಲ್ ಮಾಡುವುದು ನಮ್ಮ ಕಡೆಯ ರೂಢಿ. ಅದನ್ನು ಬಿಟ್ಟು ಬೀಮನ್ನು ಪ್ಯಾರಪೆಟ್ಟಿಗೇ ಕಟ್ಟಿದಾಗ "ಎರಡೆರಡು ಬೀಮ್ ಯಾಕೆ, ದುಡ್ಡು ದಂಡ" ಅಂದವರೇ ಹೆಚ್ಚು. ಈಗ ಎರಡು ಮಳೆಗಾಲ ಕಳೆದಿದೆ. ಒಂದು ಮೂಲೆಗೆ ಪಿಕಪ್ ಉಜ್ಜಿದ್ದೂ ಆಯಿತು: ಗಾಡಿ ಬೀಮಿಗೆ ತಾಗಿಕೊಂಡೇ ಜಾರಿ ಸೇತುವೆ ಮೇಲೆ ಹೋಗಿ ನಿಂತಿತು. ನಮಗೆ ಬದಲಿಸಲು ಸಿಕ್ಕಿದ್ದು 2 ಬೀಮ್, 3 ಪೋಸ್ಟ್. ದಂಡ ಅಂದವರು ಆಮೇಲೆ ಬಂದು ಅಳತೆ ತೆಗೆದುಕೊಂಡು ಹೋದರು.

ಬೀಮ್ ಬಾಗುತ್ತದೆ, ಪ್ಯಾರಪೆಟ್ ಬಾಗುವುದಿಲ್ಲ. ಅವೆರಡು ಸೇರುವ ಜಾಗದಲ್ಲೇ ಗಾಡಿ ಬೀಮನ್ನು ಒಳಗೆ ಒತ್ತಿಕೊಂಡು ನೇರ ಕಾಂಕ್ರೀಟಿನ ಮೂಗಿಗೆ ಗುದ್ದುತ್ತದೆ. ಹಾಗಾಗಿ ಕೊನೆಯ ಆರೇಳು ಮೀಟರ್ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತ ಹೋಗಬೇಕು. ನಾವು ಇಟ್ಟ ಲೆಕ್ಕ ಹೀಗೆ: ಪೋಸ್ಟಿನಿಂದ ಪೋಸ್ಟಿಗೆ ಮಾಮೂಲಿ 2 ಮೀಟರ್ ಅಂತರ, ಆಮೇಲೆ 1 ಮೀಟರಿನ ನಾಲ್ಕು, ಕೊನೆಗೆ ಅರ್ಧ ಮೀಟರಿನ ನಾಲ್ಕು. ಕೊನೆಯ 4 ಮೀಟರಿಗೆ ಬೀಮಿನ ಒಳಗೊಂದು ಬೀಮ್. ತುದಿಗೆ ಎಂಡ್ ಶೂ (ಬೀಮನ್ನು ಕಾಂಕ್ರೀಟಿಗೆ ಹಿಡಿಸುವ ಉಕ್ಕಿನ ತುಂಡು) ಕೂರಿಸಿ, ಕಾಂಕ್ರೀಟನ್ನು ಆರಪಾರ ಕೊರೆದು 24 ಮಿ.ಮೀ. ಬೋಲ್ಟ್, ಹಿಂದೆ ಪ್ಲೇಟ್. ಎರಡು ದಿಕ್ಕಿನ ವಾಹನ ಓಡುವ ರಸ್ತೆಯಾದರೆ ನಾಲ್ಕು ಮೂಲೆಗೂ ಇದೇ. "ಬರುವ ಕಡೆಗೆ ಮಾತ್ರ ಸಾಕು" ಅಂದರೆ ಓವರ್‌ಟೇಕ್ ಮಾಡಿಕೊಂಡು ಬರುವವನು ಬಲಮೂಲೆಗೆ ಹೊಡೆಯುತ್ತಾನೆ.

ಮೊದಲ ಸಲ ತಪ್ಪಿದ್ದು ಆರ್ಡರಿನಲ್ಲಿ. ಬೀಮಿಗೆ ಫ್ಯಾಕ್ಟರಿಯಿಂದ ಬರುವ ಪೋಸ್ಟ್ ತೂತು 2 ಮೀಟರಿಗೊಂದು. ನಡುವೆ ಬೇಕಾದದ್ದನ್ನು ಸೈಟಿನಲ್ಲೇ ಗ್ಯಾಸ್ ಕಟರಿನಲ್ಲಿ ಸುಟ್ಟೆವು. ತುಕ್ಕು ತಡೆಯುವ ಸತುವಿನ ಲೇಪ (ಗ್ಯಾಲ್ವನೈಸಿಂಗ್) ಹೋದ ಜಾಗಕ್ಕೆ ಕಡಲ ಗಾಳಿ ಹಿಡಿದು, ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಮುಗಿಯುವಷ್ಟರಲ್ಲಿ ಪ್ರತಿ ತೂತಿನಿಂದ ಕೆಂಪು ನೀರು ಇಳಿದಿತ್ತು. ಈಗ ತೂತೆಲ್ಲ ಗ್ಯಾಲ್ವನೈಸಿಂಗ್‌ಗೆ ಮೊದಲೇ, ನಕ್ಷೆ ಕೊಟ್ಟು ಹೊಡೆಸುತ್ತೇವೆ. ಬೋಲ್ಟಿನದ್ದೂ ಹಾಗೇ ಆಯಿತು. ಮಾಮೂಲಿ ಜಾಯಿಂಟಿನಲ್ಲಿ ಎರಡು ತಗಡು ಅಂದರೆ 6 ಮಿ.ಮೀ.; ಜೋಡಿ ಬೀಮಿನ ಜಾಯಿಂಟಿನಲ್ಲಿ ನಾಲ್ಕು, ಅಂದರೆ 12. ಹಳೆಯ ಉದ್ದದ ಬೋಲ್ಟಿಗೆ ನಟ್ ಅರ್ಧವೇ ಕಚ್ಚುತ್ತದೆ. ಬಿಗಿಯಾದ ಹಾಗೆ ಕಂಡು ಮೋಸ ಮಾಡುತ್ತದೆ.

ಹಳೆಯ ಸೇತುವೆಗಳಲ್ಲಿ ಗಟ್ಟಿ ಪ್ಯಾರಪೆಟ್ಟೇ ಇಲ್ಲ, ಕಂಬ-ಸರಳಿನ ಹ್ಯಾಂಡ್‌ರೇಲ್ ಅಷ್ಟೆ. ಅದಕ್ಕೆ ಎಂಡ್ ಶೂ ಕಟ್ಟಿ ನೋಡಿದೆವು. ಬೋಲ್ಟ್ ಬಿಗಿಯುವಾಗಲೇ ಕಂಬ ಸೀಳಿತು. ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿದ್ದು ತೂತಿನ ಧೂಳು, ತೇವ ಸರಿಯಾಗಿ ತೆಗೆಯದೆ ಕಿತ್ತು ಬಂತು. ಕೊನೆಗೆ ಪ್ರತ್ಯೇಕ ಆರ್‌ಸಿಸಿ ಬ್ಲಾಕ್ ಕಟ್ಟಿದೆವು: ಸುಮಾರು ಒಂದೂವರೆ ಮೀಟರ್ ಉದ್ದ, 40 ಸೆಂ.ಮೀ. ದಪ್ಪ, ರಸ್ತೆಯಿಂದ 80 ಸೆಂ.ಮೀ. ಎತ್ತರ. ರಿಟರ್ನ್ ವಾಲ್ (ಸೇತುವೆ ತುದಿಯಲ್ಲಿ ರಸ್ತೆಯ ಮಣ್ಣು ಹಿಡಿಯುವ ಪಕ್ಕದ ಗೋಡೆ) ಕಾಂಕ್ರೀಟಿನದ್ದಾದರೆ ಅದರ ತಲೆಗೆ ಸರಳು ಕಟ್ಟುವುದು. ಕಲ್ಲಿನದ್ದಾದರೆ ಅದನ್ನು ನಂಬದೆ ಬ್ಲಾಕಿನ ಅಡಿಪಾಯವನ್ನೇ ದೊಡ್ಡದು ಮಾಡುವುದು. ಬ್ಲಾಕಿನ ಮುಂಭಾಗದ ಮೂಲೆಯನ್ನು ಹತ್ತು ಸೆಂ.ಮೀ. ಹಿಂದಕ್ಕೆ ಓರೆ ಮಾಡಿ, ಮೂಗು ಹೊರಗೆ ಕಾಣಬಾರದು.

ಇನ್ನು ಪೋಸ್ಟ್. 1.8 ಮೀಟರಿನದ್ದರಲ್ಲಿ 1.1 ನೆಲದೊಳಗೆ, ಇದು ಎಲ್ಲರಿಗೂ ಗೊತ್ತು. ಆದರೆ ನೇತ್ರಾವತಿ, ಶಾಂಭವಿ, ಸ್ವರ್ಣಾ, ಯಾವ ಹೊಳೆಯ ಬದಿಗೆ ಹೋದರೂ ಅಪ್ರೋಚಿನ (ಸೇತುವೆಗೆ ಸೇರುವ ರಸ್ತೆಯ) ಮಣ್ಣು ಒಂದೇ ಥರ ಇರುವುದಿಲ್ಲ. ಒಂದು ಕಡೆ ಮುರಕಲ್ಲು (ಜಂಬಿಟ್ಟಿಗೆ), ಹತ್ತು ಹೆಜ್ಜೆಗೆ ತುಂಬಿದ ಮಣ್ಣು, ಅದರಡಿ ಶೇಡಿ (ಮೆತ್ತಗಿನ ಜೇಡಿಮಣ್ಣು). ಮುರಕಲ್ಲಿನಲ್ಲಿ ಪೋಸ್ಟ್ ಬಡಿದರೆ ತಲೆ ಚಪ್ಪಟೆಯಾಗುತ್ತದೆ. ಒಂದು ಅಡಿ ಅಗಲ ಕೊರೆದು, ಪೋಸ್ಟ್ ಇಳಿಸಿ, ಜಲ್ಲಿಪುಡಿ ಪದರ ಪದರವಾಗಿ ಕುಟ್ಟಿ. ಕಾಂಕ್ರೀಟ್ ಬೇಡ: ಪೋಸ್ಟ್ ಮಣ್ಣನ್ನು ತಳ್ಳಿಕೊಂಡು ವಾಲಬೇಕು, ಬುಡದಲ್ಲಿ ಮಡಚಿಕೊಳ್ಳಬಾರದು. ರಿಪೇರಿಗೆ ಬ್ರೇಕರ್ ತರುವ ಖರ್ಚೂ ಉಳಿಯುತ್ತದೆ. ಗುಂಡುಕಲ್ಲು ಅಡ್ಡ ಬಂದಾಗ ನೆಲ ಕೊರೆಯುವ ಆಗರ್ ಓರೆಯಾಗದ ಹಾಗೆ ಹಿಡಿಯುವ ಉಪಾಯವೊಂದಿದೆ, ಅದು ಸದ್ಯ ನಮ್ಮಲ್ಲೇ ಇರಲಿ. ಪೋಸ್ಟಿನ ಹಿಂದೆ ಎರಡು ಅಡಿ ಸಮತಟ್ಟು ಸಿಗದೆ ಜರಿ (ಇಳಿಜಾರು) ಶುರುವಾದರೆ 2.4 ಮೀಟರಿನ ಪೋಸ್ಟೇ ಆಗಬೇಕು.

ಬ್ಯಾರಿಯರನ್ನು ನಿಜವಾಗಿ ಕೆಡವುವುದು ಲಾರಿಗಿಂತ ನೀರು. ಸೇತುವೆ ಮೇಲಿನ ಮಳೆನೀರೆಲ್ಲ ರಿಟರ್ನ್ ವಾಲ್ ಮುಗಿಯುವಲ್ಲಿ ಜರಿಗೆ ಧುಮುಕುತ್ತದೆ. ನಮ್ಮ ಬಿಗಿಯಾದ ಪೋಸ್ಟುಗಳಿರುವುದೂ ಅಲ್ಲೇ. ಒಂದು ಕಡೆ ಜುಲೈಯಲ್ಲಿ ನೋಡಿದರೆ ನಾಲ್ಕು ಪೋಸ್ಟ್ ಮೊಣಕಾಲುದ್ದ ಬುಡ ಬಿಟ್ಟುಕೊಂಡು ಬೀಮಿಗೆ ನೇತಾಡುತ್ತಿದ್ದವು. ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದ ತುಳು ಗಡುವು) ರಸ್ತೆ ಅಂಚಿಗೆ ನೀರು ತಡೆಯುವ ಕರ್ಬ್, ಜರಿಗೆ ನೀರು ಇಳಿಸುವ ಕಾಂಕ್ರೀಟ್ ಚ್ಯೂಟ್ ಮುಗಿಯದಿದ್ದರೆ ಪೋಸ್ಟ್ ಹಾಕುವುದನ್ನೇ ಮುಂದೆ ಹಾಕಿ.

ಜೋಡಣೆಯಲ್ಲಿ ಬೀಮಿನ ಮೇಲ್ಪದರದ ಅಂಚು ಬರುವ ಗಾಡಿಗೆ ಎದುರಾಗಬಾರದು. ಹುಡುಗರು ಗಾಡಿ ಬರುವ ದಿಕ್ಕು ನೋಡದೆ ಕಟ್ಟುತ್ತ ಹೋದರೆ ಇದು ತಿರುಗಾಮುರುಗಾ ಆಗುತ್ತದೆ. ಬೀಮಿನ ಆರಂಭದ ತುದಿಯನ್ನು ಹೊರಕ್ಕೆ ತಿರುಗಿಸಿ ಗುಡ್ಡದ ಬರೆಯೊಳಗೆ ಹುಗಿಯುವುದು ಒಳ್ಳೆಯದು. ದೋಣಿ ನಿಲ್ಲುವ ಧಕ್ಕೆಗೆ, ಗದ್ದೆಗೆ ಇಳಿಯುವ ದಾರಿ ಸೇತುವೆ ಬುಡದಲ್ಲೇ ಇದ್ದರೆ ಊರವರು ಕಂಡಿ ಕೇಳುತ್ತಾರೆ. ಅಲ್ಲಿ ಬೀಮನ್ನು ಆ ದಾರಿಯತ್ತಲೇ ತಿರುಗಿಸಿಕೊಂಡು ಹೋಗಿ. 45 ಮೀಟರ್ ತ್ರಿಜ್ಯಕ್ಕಿಂತ ಬಿಗಿ ತಿರುವಿಗೆ ಬೀಮ್ ವರ್ಕ್‌ಶಾಪಿನಲ್ಲೇ ಬಗ್ಗಿ ಬರಬೇಕು, ಹಗ್ಗ ಕಟ್ಟಿ ಎಳೆದರೆ ತಗಡಿಗೆ ಮಡಿಕೆ ಬೀಳುತ್ತದೆ.

ನಾವು ಮಾಡಿಸಿದಾಗಿನ ಖರ್ಚು, ನೆನಪಿನಿಂದ: ಮಾಮೂಲಿ ಬ್ಯಾರಿಯರ್ ಕೂರಿಸಿ ಮೀಟರಿಗೆ ಮೂರು ಸಾವಿರದ ಒಳಗಿತ್ತು. ಒಂದು ಮೂಲೆಗೆ ಹೆಚ್ಚುವರಿ 5 ಪೋಸ್ಟ್, ಒಂದು ಬೀಮ್, ಶೂ, ಬೋಲ್ಟ್ ಸೇರಿ ಇಪ್ಪತ್ತೆರಡು, ಇಪ್ಪತ್ತಮೂರು ಸಾವಿರ; ಬ್ಲಾಕ್ ಬೇರೆ. ಉಳಿಸಲು ಎರಡು ಇಂಚಿನ ಜಿಐ ಪೈಪನ್ನೂ ಒಂದು ಕಡೆ ಪ್ರಯತ್ನಿಸಿದ್ದೆವು. ರಿವರ್ಸ್ ತೆಗೆದ ರಿಕ್ಷಾಕ್ಕೇ ಅದು ಬಾಗಿತು.

ಗುಜರಿಯವರಿಂದ ನಟ್ ಉಳಿಸಲು ಜಾಯಿಂಟಿನ ಎಂಟರಲ್ಲಿ ಒಂದು ಬೋಲ್ಟಿನ ಥ್ರೆಡ್ ಜಜ್ಜಿ, ಜಜ್ಜಿದ ಕಡೆ ಝಿಂಕ್ ಪೇಂಟ್ ಬಳಿಯುತ್ತೇವೆ. ಎಂಟನ್ನೂ ಜಜ್ಜಿದರೆ ರಿಪೇರಿಗೆ ಹೋದಾಗ ಬೈಸಿಕೊಳ್ಳುವುದು ನಾವೇ. ಡಾಮರು ಇನ್ನೊಂದು ಪದರ ಬಿದ್ದಾಗ ಬೀಮಿನ 70 ಸೆಂ.ಮೀ. ಎತ್ತರ ಅರುವತ್ತೈದಕ್ಕೆ ಇಳಿಯುವುದನ್ನು ಸರಿಪಡಿಸಲೂ ಈಗ ಒಂದು ದಾರಿ ಹುಡುಕಿದ್ದೇವೆ: ಬೀಮು-ಪೋಸ್ಟಿನ ನಡುವಿನ ತುಂಡಾದ ಸ್ಪೇಸರಿಗೆ ಮೊದಲೇ ಎರಡು ಸಾಲು ತೂತು. ಮುಂದಿನ ಡಾಮರು ಬಿದ್ದಾಗ ಗೊತ್ತಾಗುತ್ತದೆ.