ಲಾಸ್ಟ್ ಕಾಲ್ ಕೈತಪ್ಪದ ಹಾಗೆ

ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಐಇಟಿಎಫ್‌ನಲ್ಲಿ ಕರಡೊಂದು ಮಾನದಂಡವಾಗುವ ಮುಂಚೆ ಅಭಿಪ್ರಾಯ ಕೇಳುವ 'ಲಾಸ್ಟ್ ಕಾಲ್' ಪ್ರಕಟಣೆ ಇಮೇಲ್‌ನಲ್ಲಿ ಹೊರಡುತ್ತದೆ. ಕಾರ್ಯತಂಡದ ಕರಡಿಗೆ ಕನಿಷ್ಠ 2 ವಾರ, ಉಳಿದವಕ್ಕೆ 4 ವಾರ. ಡೊಮೇನ್ ಹೆಸರಲ್ಲಿ ಕನ್ನಡ ಅಕ್ಷರ ಬಳಸುವ ನಿಯಮಗಳೂ ಇಲ್ಲೇ ರೂಪುಗೊಂಡವು. ಹಾಗಾಗಿ ನನಗೆ ಇವು ತಪ್ಪಿಹೋಗಬಾರದು. ಆದರೆ ಸಭೆಗಳ ಸುದ್ದಿ, ಹೊಸ ಆರ್‌ಎಫ್‌ಸಿಗಳ (ಐಇಟಿಎಫ್ ದಾಖಲೆಗಳು ಅಂತಿಮವಾಗಿ ಪ್ರಕಟವಾಗುವ ರೂಪ) ಸೂಚನೆಗಳ ನಡುವೆ ಹೂತುಹೋಗುತ್ತಿದ್ದವು.

ಈ ಪ್ರಕಟಣೆಗಳ ವಿಷಯದ ಸಾಲು 'ಲಾಸ್ಟ್ ಕಾಲ್:' ಎಂದು ಶುರುವಾಗುತ್ತದೆ, ಬೆನ್ನಿಗೇ ಕರಡಿನ ಕಡತದ ಹೆಸರು. ಆ ಎರಡು ಪದ ಹಿಡಿದು ಫಿಲ್ಟರ್ ಹಾಕಿ, ಬೇರೆ ಫೋಲ್ಡರಿಗೆ ಕಳಿಸಿದೆ. 'ರಿ:' ಎಂದು ಬರುವ ಉತ್ತರಗಳನ್ನು ಹೊರಗಿಟ್ಟಿದ್ದೇ ದೊಡ್ಡ ಅನುಕೂಲ. ಇಲ್ಲದಿದ್ದರೆ ಒಂದೇ ಚರ್ಚೆ ಫೋಲ್ಡರ್ ತುಂಬಿಬಿಡುತ್ತದೆ. ಗಡುವು ಮಾತ್ರ ಪತ್ರದ ಒಳಗಿರುತ್ತದೆ. ಅದನ್ನು ಓದಿದ ಕೂಡಲೇ ಕ್ಯಾಲೆಂಡರಿಗೆ ಕೈಯಾರೆ ಸೇರಿಸಿ, ವಾರ ಮುಂಚೆ ಜ್ಞಾಪನೆ ಬರುವಂತೆ ಇಡುತ್ತೇನೆ.