ಖಾಲಿ ಬಿಟ್ಟ ಅರವತ್ತು ಜಿಬಿ: ಡಿಸ್ಕ್ ಹಂಚಿಕೆಯಲ್ಲಿ ನನ್ನ ಅನುಭವ

ತಿಪಟೂರಿನಲ್ಲಿ ನಾನು ನಡೆಸುವ ಡಿಟಿಪಿ ಕೇಂದ್ರದಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ. ಹಳೆಯ ಪೇಜ್‌ಮೇಕರ್ ಕಡತಗಳೂ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳೂ ಇರುವವರೆಗೆ ವಿಂಡೋಸ್ ಬಿಡುವಂತಿಲ್ಲ. ಆದರೆ ದಿನನಿತ್ಯದ ಟೈಪಿಂಗ್, ಸ್ಕ್ಯಾನಿಂಗ್ ಮತ್ತು ಪಿಡಿಎಫ್ ಕೆಲಸಗಳಿಗೆ ನನಗೆ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಬೇಕು. ಒಂದೇ ಡಿಸ್ಕನ್ನು ಭಾಗಗಳಾಗಿ (ಪಾರ್ಟಿಷನ್) ಹಂಚಿ ಎರಡನ್ನೂ ನೆಲೆಗೊಳಿಸಲು ಮೂರು ಬಾರಿ ಪ್ರಯತ್ನಿಸಬೇಕಾಯಿತು. ಮೂರನೆಯದು 2023ರ ಮಧ್ಯದಿಂದ ಅಲುಗಾಡದೆ ನಿಂತಿದೆ.

ಮೊದಲ ಪ್ರಯತ್ನ 2021ರದು. ಎಂಬಿಆರ್ ಎಂಬ ಹಳೆಯ ಹಂಚಿಕೆ ಪದ್ಧತಿಯ ಒಂದು ಟಿಬಿ ಡಿಸ್ಕಿನಲ್ಲಿ, ಜೋಡಿಸಿಕೊಟ್ಟವರು ನಮ್ಮ ಕಡೆಯ ವಾಡಿಕೆಯಂತೆ ಸಿ, ಡಿ, ಇ ಎಂದು ಹೆಚ್ಚುಕಡಿಮೆ ಸಮಭಾಗ ಮಾಡಿದ್ದರು. ವಿಂಡೋಸಿನ ಸಿಸ್ಟಂ ರಿಸರ್ವ್ಡ್ ಎಂಬ ಸಣ್ಣ ಭಾಗವೂ ಸೇರಿ, ಆ ಪದ್ಧತಿಯಲ್ಲಿ ಸಾಧ್ಯವಿರುವ ನಾಲ್ಕು ಪ್ರೈಮರಿ ಭಾಗಗಳೂ ಮುಗಿದಿದ್ದವು. ನಾನು ಇ ಡ್ರೈವನ್ನು ಕುಗ್ಗಿಸಿ, ಉಳಿದ ಜಾಗದಲ್ಲಿ ಐದನೆಯದನ್ನು ಮಾಡಲು ಹೊರಟಾಗ, ಡಿಸ್ಕನ್ನು ಡೈನಾಮಿಕ್ (ವಿಂಡೋಸಿನದೇ ಆದ ಹಂಚಿಕೆಯ ಬಗೆ) ಮಾಡಲೇ ಎಂದು ವಿಂಡೋಸ್ ಕೇಳಿತು. ಹೌದು ಎಂದು ಒತ್ತಿದೆ. ಆ ಡಿಸ್ಕಿನಲ್ಲಿ ಲಿನಕ್ಸ್ ಕೂರಿಸುವ ದಾರಿ ಅಲ್ಲಿಗೇ ಮುಚ್ಚಿತು; ಮೊದಲಿನ ಸಾಮಾನ್ಯ ಬಗೆಯಾದ ಬೇಸಿಕ್‌ಗೆ ಹಿಂದಿರುಗಲು ಎಲ್ಲ ಭಾಗಗಳನ್ನೂ ಅಳಿಸಬೇಕಾದ್ದರಿಂದ, ಕಡತಗಳನ್ನು ಹೊರಗೆ ಸಾಗಿಸಲೆಂದೇ ಸುಮಾರು 4,000 ರೂಪಾಯಿ ಕೊಟ್ಟು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡೆ.

ಎರಡನೆಯ ಬಾರಿ ಜಿಪಿಟಿ ಎಂಬ ಹೊಸ ಹಂಚಿಕೆ ಪದ್ಧತಿಗೆ ಬದಲಾದೆ. ಆಗ ನಾಲ್ಕರ ಮಿತಿ ಹೋಯಿತು, ಆದರೆ ಅಳತೆ ತಪ್ಪಿತು. ಎಲ್ಲಿಯೋ ಓದಿದ್ದ ಲೆಕ್ಕದಂತೆ ಲಿನಕ್ಸ್ ಆರಂಭವಾಗಲು ಬೇಕಾದ ಬೂಟ್‌ಗೆ 250 ಎಂಬಿ, ವ್ಯವಸ್ಥೆ ಮತ್ತು ತಂತ್ರಾಂಶಗಳಿರುವ ರೂಟ್‌ಗೆ 20 ಜಿಬಿ ಕೊಟ್ಟು, ಮಿಕ್ಕದ್ದನ್ನೆಲ್ಲ ನನ್ನ ಕಡತಗಳಿರುವ ಹೋಮ್‌ಗೆ ಬಿಟ್ಟಿದ್ದೆ. ನಾಲ್ಕೈದು ತಿಂಗಳಲ್ಲಿ ಹಳೆಯ ಕರ್ನೆಲ್‌ಗಳು (ಲಿನಕ್ಸಿನ ತಿರುಳು ಕಡತಗಳು) ಸೇರಿ ಬೂಟ್ ತುಂಬಿತು, ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ಮತ್ತು ದಾಖಲೆ ಬರೆದಿಡುವ ಲಾಗ್‌ಗಳಿಂದ ರೂಟ್ ಕೂಡ ತುಂಬಿತು. ರೂಟಿನ ಬಲಕ್ಕೆ ಹೋಮ್ ಅಂಟಿಕೊಂಡಿದ್ದರಿಂದ, ರೂಟನ್ನು ಹಿಗ್ಗಿಸಲು 200 ಜಿಬಿಗೂ ಮಿಕ್ಕಿದ್ದ ಹೋಮ್‌ನ ಆರಂಭವನ್ನೇ ಜಿಪಾರ್ಟೆಡ್ ಎಂಬ ಹಂಚಿಕೆ ತಂತ್ರಾಂಶದಿಂದ ಬಲಕ್ಕೆ ಸರಿಸಬೇಕಾಯಿತು. ಮೂರು ಗಂಟೆ ಕಳೆದಿದ್ದಾಗ ಕರೆಂಟ್ ಹೋಯಿತು. ಹಳೆಯ ಬ್ಯಾಟರಿಯ ಇನ್ವರ್ಟರ್ ಹತ್ತು ನಿಮಿಷವೂ ತಡೆಯಲಿಲ್ಲ. ಅರ್ಧ ಮಾಹಿತಿ ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ ಉಳಿಯಿತು. ಪಾರ್ಟಿಷನ್ ಪಟ್ಟಿಯನ್ನು ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಮರಳಿ ಬರೆದುಕೊಟ್ಟರೂ ಅದರೊಳಗಿನ ಕಡತಗಳು ಸರಿಯಾಗಲಿಲ್ಲ. ಬೆಂಗಳೂರಿನ ರಿಕವರಿ ಅಂಗಡಿಯೊಂದರಲ್ಲಿ ಸುಮಾರು 14,000 ರೂಪಾಯಿ ಕೇಳಿದರು. ನಾನು ಕೊಡಲಿಲ್ಲ. ನನ್ನ ಬ್ಯಾಕಪ್ ಮೂರು ವಾರ ಹಳೆಯದಾಗಿತ್ತು. ದೇವಸ್ಥಾನವೊಂದರ ಸ್ಮರಣ ಸಂಚಿಕೆಯ 160 ಪುಟಗಳನ್ನು ಪುಟಕ್ಕೆ 25 ರೂಪಾಯಿಯಂತೆ ಮತ್ತೆ ಟೈಪ್ ಮಾಡಿಸಿ, ಹೇಳಿದ ದಿನಕ್ಕೆ ಒಪ್ಪಿಸಿದೆ. ಆ 4,000 ರೂಪಾಯಿಗಿಂತ ನಿದ್ದೆಗೆಟ್ಟ ಆರು ರಾತ್ರಿಗಳು ಇಂದಿಗೂ ಹೆಚ್ಚು ನೆನಪಿವೆ.

ಮೂರನೆಯ ಬಾರಿಗೆ ಮೊದಲು ಎಂಟು ವಾರ ಏನನ್ನೂ ಮುಟ್ಟಲಿಲ್ಲ. ಪ್ರತಿ ಶನಿವಾರ ಅಂಗಡಿ ಮುಚ್ಚುವ ಮುನ್ನ ಯಾವ ಭಾಗ ಎಷ್ಟು ತುಂಬಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಸಿ ಡ್ರೈವ್ 70ರಿಂದ 85 ಜಿಬಿಯ ನಡುವೆ ಆಡುತ್ತಿತ್ತು. ಲಿನಕ್ಸ್ ರೂಟ್ ತಿಂಗಳಿಗೆ ಒಂದೂವರೆ ಜಿಬಿಯಷ್ಟು ಬೆಳೆಯುತ್ತಿತ್ತು. ನಿಜವಾಗಿ ದಪ್ಪವಾಗುತ್ತಿದ್ದುದು ಸ್ಕ್ಯಾನ್ ಮಾಡಿದ ಚಿತ್ರಗಳು ಮಾತ್ರ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸುಮಾರು 3,000 ರೂಪಾಯಿಗೆ 500 ಜಿಬಿಯ ಎಸ್‌ಎಸ್‌ಡಿ ತಂದೆ. ತಯಾರಕರ ಮತ್ತು ವಿಂಡೋಸಿನ ಜಿಬಿ ಎಣಿಕೆ ಬೇರೆಬೇರೆಯಾದ್ದರಿಂದ ಪರದೆಯಲ್ಲಿ ಅದು 465ರ ಆಸುಪಾಸು ತೋರಿಸುತ್ತದೆ.

ಎಡದಿಂದ ಬಲಕ್ಕೆ ನನ್ನ ಹಂಚಿಕೆ ಹೀಗಿತ್ತು. ಎರಡೂ ವ್ಯವಸ್ಥೆಗಳನ್ನು ಆರಂಭಿಸುವ ಕಡತಗಳಿರುವ ಇಎಫ್ಐಗೆ ಒಂದು ಜಿಬಿ. ವಿಂಡೋಸ್ ತಾನಾಗಿ 100 ಎಂಬಿ ಮಾತ್ರ ಮಾಡಿಕೊಳ್ಳುವುದರಿಂದ, ಡಿಸ್ಕಿಗೆ ಹಾಕದೆಯೇ ಲಿನಕ್ಸ್ ಓಡಿಸುವ ಲೈವ್ ಯುಎಸ್‌ಬಿಯಿಂದ ಇದನ್ನು ಮೊದಲೇ ಮಾಡಿಟ್ಟು ಅನಂತರ ವಿಂಡೋಸ್ ಹಾಕಿದೆ. ಸಿ ಡ್ರೈವಿಗೆ 120, ಅದರ ಬಲಕ್ಕೆ 25 ಜಿಬಿ ಖಾಲಿ, ವಿಂಡೋಸ್ ಕೆಟ್ಟಾಗ ಸರಿಪಡಿಸುವ ರಿಕವರಿಗೆ ಒಂದು ಜಿಬಿ. ಬಳಿಕ ರೂಟ್‌ಗೆ 60, ಬೂಟ್ ಅದರೊಳಗೇ, ಮತ್ತೆ 35 ಖಾಲಿ, ಹೋಮ್‌ಗೆ 90, ಎರಡೂ ಕಡೆಯಿಂದ ತೆರೆಯಬೇಕಾದ ಕೆಲಸದ ಕಡತಗಳಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯ 130 ಜಿಬಿ. ರ‍್ಯಾಮ್ ಸಾಲದಾದಾಗ ನೆರವಾಗುವ ಸ್ವಾಪ್‌ಗೆ ಪ್ರತ್ಯೇಕ ಭಾಗ ಮಾಡದೆ 4 ಜಿಬಿಯ ಕಡತ ಇಟ್ಟೆ, ಏಕೆಂದರೆ ತೆರೆದ ಕೆಲಸವನ್ನು ಡಿಸ್ಕಿಗಿಳಿಸಿ ಯಂತ್ರ ಆರಿಸುವ ಹೈಬರ್ನೇಟನ್ನು ನಾನು ಬಳಸುವುದಿಲ್ಲ. ಪೂರ್ತಿ ಮುಚ್ಚದೆ ಬೇಗ ಆರಂಭವಾಗುವ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನು ಮೊದಲ ದಿನವೇ ನಿಲ್ಲಿಸಿದೆ. ಇಲ್ಲದಿದ್ದರೆ ಆ 130 ಜಿಬಿ ಲಿನಕ್ಸಿನಲ್ಲಿ ಓದಲು ಮಾತ್ರ ತೆರೆಯುತ್ತದೆ. ವಿಂಡೋಸ್ ರಿಕವರಿಯನ್ನು ಸಿ ಡ್ರೈವಿನ ಬೆನ್ನಿಗೇ ಇಡುತ್ತದೆ, ಅಲ್ಲಿದ್ದರೆ ಸಿ ಮುಂದೆ ಹಿಗ್ಗುವುದಿಲ್ಲ. ಅದನ್ನು ಖಾಲಿ ಜಾಗದ ಆಚೆಗೆ ದಾಟಿಸಿ ಮತ್ತೆ ನೋಂದಾಯಿಸಿದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಭಾನುವಾರಗಳು ಹಿಡಿದಿವೆ.

ಈ ಹಂಚಿಕೆಯನ್ನು ಕಂಡ ಪರಿಚಯದ ಹಾರ್ಡ್‌ವೇರ್ ತಂತ್ರಜ್ಞರು, “ಅಲ್ಲಾ ಸಾರ್, ದುಡ್ಡು ಕೊಟ್ಟು ಸೈಟು ತಗೊಂಡು ಮನೆ ಕಟ್ಟದೆ ಬಿಟ್ಟ ಹಾಗಾಯ್ತಲ್ಲ ಇದು” ಎಂದರು. ನಾನು ಬಿಟ್ಟಿದ್ದು ಮುಂದೆ ಕೋಣೆ ಎಳೆಯಲು ಬೇಕಾದ ಹಿತ್ತಿಲನ್ನು ಎಂದು ಹೇಳಿದರೂ ಅವರು ಒಪ್ಪಲಿಲ್ಲ.

2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಭದ್ರತಾ ಅಪ್‌ಡೇಟ್ ಒಂದು, ರಿಕವರಿ ಭಾಗದಲ್ಲಿ ಜಾಗ ಸಾಲದ ಅನೇಕ ಕಂಪ್ಯೂಟರ್‌ಗಳಲ್ಲಿ ವಿಫಲವಾಯಿತು. ಆ ಭಾಗವನ್ನು 250 ಎಂಬಿ ಹಿಗ್ಗಿಸಿಕೊಳ್ಳಬೇಕೆಂಬ ಸೂಚನೆಯೂ ಬಂತು. ನನ್ನ ಒಂದು ಜಿಬಿಯ ರಿಕವರಿಯಲ್ಲಿ ಅದು ಸದ್ದಿಲ್ಲದೆ ಕೂತಿತು. 2025ರ ಆರಂಭದಲ್ಲಿ ರೂಟ್ 50 ಜಿಬಿ ದಾಟಿದಾಗ, ಬಲಗಡೆಯ ಖಾಲಿಯಿಂದ 20 ಜಿಬಿ ಸೇರಿಸಿ 80 ಮಾಡಿದೆ. ಬಲಕ್ಕೆ ಹಿಗ್ಗಿಸುವಾಗ ಇರುವ ಮಾಹಿತಿ ಕದಲುವುದೇ ಇಲ್ಲವಾದ್ದರಿಂದ, ಹಿಂದೆ ಮೂರು ಗಂಟೆಯಾದರೂ ಮುಗಿಯದಿದ್ದ ಕೆಲಸ ಈ ಸಲ ಎರಡು ನಿಮಿಷದೊಳಗೆ ಆಯಿತು. ಆದರೂ ಹೊಸ ಯುಪಿಎಸ್‌ಗೆ 2,800 ರೂಪಾಯಿ ಕೊಟ್ಟಿದ್ದು ನನಗೆ ದುಬಾರಿ ಎನಿಸಿಲ್ಲ.

ಈ ನಡುವೆ ಮೂರನೆಯ ಕಂಪ್ಯೂಟರಿನಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಲಿನಕ್ಸ್ ಕಡತ ವ್ಯವಸ್ಥೆಯನ್ನು ಪರೀಕ್ಷಿಸಿದೆ. ಅದರಲ್ಲಿ ರೂಟ್ ಮತ್ತು ಹೋಮ್ ಸಬ್‌ವಾಲ್ಯೂಮ್‌ಗಳೆಂಬ ಒಳವಿಭಾಗಗಳಾಗಿ ಒಂದೇ ಜಾಗವನ್ನು ಹಂಚಿಕೊಳ್ಳುವುದರಿಂದ ಗೆರೆ ಎಳೆಯುವ ಚಿಂತೆಯೇ ಇರುವುದಿಲ್ಲ, ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್‌ಗಳೂ ಕ್ಷಣಮಾತ್ರದಲ್ಲಿ ಆಗುತ್ತವೆ. ಆದರೆ ದೊಡ್ಡ ಸ್ಕ್ಯಾನ್ ಕಡತಗಳನ್ನು ಅಳಿಸಿದರೂ ಹಳೆಯ ಸ್ನ್ಯಾಪ್‌ಶಾಟ್‌ಗಳು ಅವನ್ನು ಹಿಡಿದಿಟ್ಟುಕೊಂಡು ಡಿಸ್ಕ್ ತುಂಬಿದ್ದರಿಂದ, ಎರಡು ತಿಂಗಳಲ್ಲಿ ಲಿನಕ್ಸಿನ ವಾಡಿಕೆಯ ಕಡತ ವ್ಯವಸ್ಥೆಯಾದ ಎಕ್ಸ್ಟ್4ಗೆ ಮರಳಿದೆ. ಎಕ್ಸ್ಟ್4ನಲ್ಲೂ ರೂಟ್ ಎಂಬ ಹೆಸರಿನ ನಿರ್ವಾಹಕ ಬಳಕೆದಾರನಿಗಾಗಿ ಶೇಕಡ 5ರಷ್ಟು ಜಾಗ ತಾನಾಗಿ ಮೀಸಲಾಗಿರುತ್ತದೆ. ಹೋಮ್‌ನಲ್ಲಿ ಅದನ್ನು ಶೇಕಡ 1ಕ್ಕೆ ಇಳಿಸಿದಾಗ ಮೂರೂವರೆ ಜಿಬಿ ಬಿಟ್ಟಿಯಾಗಿ ಸಿಕ್ಕಿತು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಬಳಿಕ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳನ್ನು ಹಿಡಿದು ಸುತ್ತಲಿನ ಅಂಗಡಿಯವರು ನನ್ನ ಬಳಿ ಬರತೊಡಗಿದರು. ಈವರೆಗೆ ಏಳು ಯಂತ್ರಗಳಿಗೆ ಇದೇ ಹಂಚಿಕೆ ಮಾಡಿಕೊಟ್ಟಿದ್ದೇನೆ. ಸೈಟಿನ ಮಾತಾಡಿದ್ದ ಆ ತಂತ್ರಜ್ಞರು ಕಳೆದ ತಿಂಗಳು ತಮ್ಮ ಲ್ಯಾಪ್‌ಟಾಪ್ ತಂದು, ಖಾಲಿ ಎಷ್ಟು ಬಿಡಬೇಕೆಂದು ಕೇಳಿದರು. ಎಂಟು ಶನಿವಾರ ಅಳೆದು ಬರೆದುಕೊಂಡು ಬನ್ನಿ ಎಂದು ಕಳುಹಿಸಿದ್ದೇನೆ. ಸದ್ಯ ಮೂರು ಶನಿವಾರಗಳಾಗಿವೆ.