ಬುಡಕ್ಕೆ ಕೈ ಹಾಕಿದ ಮೇಲೆ ಬಿಚ್ಚಿದ ಆಯಿಲ್ ಫಿಲ್ಟರ್

ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಗಾಡಿಯ ಕೆಲಸ ಮುಗಿಸಿಕೊಳ್ಳಬೇಕು. ಜೂನ್ ಬಂತೆಂದರೆ ಅಂಗಳದಲ್ಲಿ ಕೂತು ಬೋಲ್ಟ್ ಬಿಚ್ಚುವುದು ಆಗದ ಮಾತು. ಹಾಗಾಗಿ ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ನನ್ನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಎಂಜಿನ್ ಆಯಿಲನ್ನೂ ಅದನ್ನು ಸೋಸುವ ಫಿಲ್ಟರನ್ನೂ ಬದಲಿಸಲು ಕೂತೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಮುಗಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಬುಲೆಟ್, ಪಲ್ಸರ್ ಬಿಚ್ಚಿ ಅಭ್ಯಾಸ ಇರುವವರಿಗೆ ಈ ಗಾಡಿಯ ಫಿಲ್ಟರ್ ಸ್ವಲ್ಪ ಹೊಸದು. ಅವುಗಳಲ್ಲಿ ಒಂದು ಮುಚ್ಚಳ, ಅದರ ಬೋಲ್ಟುಗಳು, ಒಳಗೆ ಕಾಗದದ ಫಿಲ್ಟರ್. ಇದರಲ್ಲಿ ಕಾರಿಗೆ, ಟ್ರ್ಯಾಕ್ಟರಿಗೆ ಇರುವ ಹಾಗೆ ತಗಡಿನ ಡಬ್ಬಿಯೇ ಫಿಲ್ಟರ್. ಎಂಜಿನ್ನಿನ ಮುಂಭಾಗದಲ್ಲಿ ಕೆಳಗೆ, ಹೊಗೆ ಹೊರಬರುವ ಎರಡು ಬೆಂಡ್ ಪೈಪುಗಳ ನಡುವೆ ಅದರ ಜಾಗ. ಇಡೀ ಡಬ್ಬಿಯನ್ನೇ ತಿರುಗಿಸಿ ತೆಗೆಯಬೇಕು, ಹೊಸದನ್ನು ತಿರುಗಿಸಿ ಕೂರಿಸಬೇಕು.

ಎಂಜಿನ್ ಐದು ನಿಮಿಷ ಓಡಿಸಿ, ಕೈ ಸುಡದಷ್ಟು ಪೈಪ್ ಆರಲು ಬಿಟ್ಟು, ಡ್ರೈನ್ ಬೋಲ್ಟ್ ತೆಗೆದೆ. ಹಳೆ ಆಯಿಲ್ ಪೂರ್ತಿ ಇಳಿಯಿತು. ಫಿಲ್ಟರ್ ಹಿಡಿದು ತಿರುಗಿಸಿದರೆ ಅಲುಗಲೇ ಇಲ್ಲ.

ಹಿಂದಿನ ಸಲ ಈ ಕೆಲಸವನ್ನು ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೆ. ಸ್ಪ್ಯಾನರ್ ಹಾಕಿ ಬಿಗಿದಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಈ ಫಿಲ್ಟರನ್ನು ಕೈಯಲ್ಲೇ ಬಿಗಿಯಬೇಕು. ಸ್ಪ್ಯಾನರಿನಲ್ಲಿ ಬಿಗಿದು, ಮೇಲೆ ಒಂದು ವರ್ಷದ ಬಿಸಿ ತಂಪು ಕಂಡರೆ ಅದರ ರಬ್ಬರ್ ರಿಂಗ್ ಎಂಜಿನ್ನಿನ ಮೈಗೆ ಅಂಟಿಕೊಂಡುಬಿಡುತ್ತದೆ.

ನನ್ನ ಹತ್ತಿರ ಬಟ್ಟಲಿನ ಹಾಗಿರುವ ಫಿಲ್ಟರ್ ಸ್ಪ್ಯಾನರ್ ಇತ್ತು. ಡಬ್ಬಿಯ ತುದಿಗೆ ಕೂರಿಸಿ ಹಿಡಿ ಎಳೆದೆ. ಮೊದಲ ಸಲ ಹಿಡಿಯಿತು, ಎರಡನೇ ಸಲ ಜಾರಿತು, ಮೂರನೇ ಸಲಕ್ಕೆ ಸ್ಪ್ಯಾನರ್ ಹಿಡಿಯಲೆಂದು ಡಬ್ಬಿಯ ತುದಿಯಲ್ಲಿದ್ದ ಏಣುಗಳೇ ಸವೆದು ನುಣ್ಣಗಾದವು. ಡಬ್ಬಿಯನ್ನು ಪೆಟ್ರೋಲಿನಲ್ಲಿ ಒರೆಸಿ, ಎಮೆರಿ ಪೇಪರ್ ಸುತ್ತಿ ಕೈಯಲ್ಲಿ ಹಿಡಿದು ನೋಡಿದೆ. ಸಾಧಾರಣ ಬಿಗಿ ಇದ್ದರೆ ಇಷ್ಟಕ್ಕೇ ಬಿಡುತ್ತದೆ, ಎರಡು ಸಲ ನಾನೇ ಹಾಗೆ ಬಿಚ್ಚಿದ್ದೇನೆ. ಅಂದು ಬಿಡಲಿಲ್ಲ. ಪೈಪ್ ಬಿಚ್ಚುವ ಚೈನ್ ರೆಂಚ್ ತಂದೆ, ಬೆಂಡ್ ಪೈಪುಗಳ ನಡುವೆ ಅದರ ಹಿಡಿ ಆಡಿಸಲು ಜಾಗವೇ ಸಾಲಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇಯನ್ನೂ ಹೊಡೆದೆ. ಅದು ದಂಡ. ಫಿಲ್ಟರಿನ ಮರೆ, ಅಂದರೆ ಬೋಲ್ಟಿಗೆ ಕೂರುವ ತಿರುಪಿನ ಗೆರೆಗಳು, ಇರುವುದು ರಬ್ಬರ್ ರಿಂಗಿನ ಒಳಗಡೆ, ಸದಾ ಆಯಿಲಿನಲ್ಲಿ ನೆನೆದಿರುತ್ತದೆ, ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಹೊರಗೆ ಹೊಡೆದ ಸ್ಪ್ರೇ ಅಲ್ಲಿಗೆ ಹೋಗುವುದೂ ಇಲ್ಲ. ಡಬ್ಬಿ ಮತ್ತೆ ಜಾರುವ ಹಾಗಾಯಿತು, ಅಷ್ಟೇ.

ಆಮೇಲೆ ಎಲ್ಲರೂ ಹೇಳುವ ಆ ಉಪಾಯಕ್ಕೆ ಕೈ ಹಾಕಿದೆ. ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಡಬ್ಬಿಯ ನಟ್ಟನಡುವೆ ತೂರಿಸಿದೆ, ಹಿಡಿಯ ಹಾಗೆ ತಿರುಗಿಸಿದೆ. ಒಂದು ಇಂಚು ಬಂದ ಹಾಗಾಯಿತು. ಬಿಚ್ಚಿತು ಅಂದುಕೊಂಡು ಬಗ್ಗಿ ನೋಡಿದರೆ ತಗಡು ಹರಿದಿತ್ತು. ಫಿಲ್ಟರ್ ಇದ್ದಲ್ಲೇ ಇತ್ತು, ಬಂದದ್ದು ತೂತು ಮಾತ್ರ. ಒಳಗಿದ್ದ ಕಪ್ಪು ಆಯಿಲ್ ಮೊಣಕೈ ತನಕ ಇಳಿಯಿತು. ಇನ್ನು ಎಂಜಿನ್ ಸ್ಟಾರ್ಟ್ ಮಾಡಿ ಗಾಡಿಯನ್ನು ಯಾವ ಗ್ಯಾರೇಜಿಗೂ ಒಯ್ಯುವಂತಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎದುರು ಮನೆಯ ಅಣ್ಣ ಟಿಲ್ಲರ್, ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಸುತ್ತಿಗೆ ಸದ್ದು ಕೇಳಿ ಅವರೇ ಬಂದರು. ಅಂಗಾತ ಮಲಗಿ, ಟಾರ್ಚ್ ಬಿಟ್ಟು ಒಂದು ನಿಮಿಷ ಸುಮ್ಮನೆ ನೋಡಿದರು.

"ತಗಡು ತಿರುಗ್ಸಿದ್ರೆ ತಗಡೇ ಹರಿಯೋದು ಮಾರಾಯ. ಬುಡ ಹಿಡಿ, ಬುಡ."

ಆ ಹೊಸ ಫಿಲ್ಟರ್ ಕೊಡು ಅಂದರು. ಡಬ್ಬದಿಂದ ತೆಗೆದು ಕೊಟ್ಟೆ. ತಿರುಗಿಸಿ ಅದರ ಬಾಯಿ ತೋರಿಸಿದರು. ಸುತ್ತ ರಬ್ಬರ್ ರಿಂಗ್, ನಡುವೆ ಮರೆ ಇರುವ ತೂತು, ಅದರ ಸುತ್ತ ಆಯಿಲ್ ಒಳಹೋಗುವ ಸಣ್ಣ ತೂತುಗಳು. ಇವೆಲ್ಲ ಇರುವುದು ಒಂದು ದಪ್ಪನೆಯ ಉಕ್ಕಿನ ತಟ್ಟೆಯಲ್ಲಿ. ಡಬ್ಬಿಯ ತಗಡನ್ನು ಆ ತಟ್ಟೆಯ ಅಂಚಿಗೆ ಮಡಚಿ ಸೇರಿಸಿರುತ್ತಾರೆ. ಗಟ್ಟಿ ಇರುವುದು ಆ ಮಡಿಕೆಯ ಹತ್ತಿರ ಮಾತ್ರ, ಉಳಿದದ್ದು ಡಾಲ್ಡಾ ಡಬ್ಬಿಯಷ್ಟೇ ತೆಳು. ನಾನು ಬೆಳಿಗ್ಗೆಯಿಂದ ಹಾಕಿದ ಬಲವೆಲ್ಲ ಆ ತೆಳು ತಗಡಿನ ಮೇಲೆ, ಅದೂ ಬುಡದಿಂದ ದೂರದ ತುದಿಯಲ್ಲಿ. ಅಂಟಿಕೊಂಡಿರುವುದು ಬುಡದಲ್ಲಿ. ಇದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಇಡೀ ಕೆಲಸ ಬೇರೆಯಾಗಿ ಕಾಣತೊಡಗಿತು.

ಮೊದಲು ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿದೆವು. ಅವರು ಮಾರ್ಕರ್ ಪೆನ್ನಿನಲ್ಲಿ ಫಿಲ್ಟರಿನ ಬುಡದಿಂದ ಎಂಜಿನ್ನಿನ ಮೈವರೆಗೆ ಒಂದು ನೇರ ಗೆರೆ ಎಳೆದರು. ಪಕ್ಕದಲ್ಲಿ ಬಿಚ್ಚುವ ದಿಕ್ಕಿಗೆ ಬಾಣ ಹಾಕಿದರು. ಕೆಳಗೆ ಮಲಗಿ ಮೇಲೆ ನೋಡುವಾಗ ಎಡ ಬಲ ಗೊಂದಲವಾಗುತ್ತದೆ. ಫಿಲ್ಟರಿನ ಮುಚ್ಚಿದ ತುದಿಗೆ ಎದುರಾಗಿ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕು. ಬಾಣ ಹಾಕಿಕೊಂಡರೆ ಮತ್ತೆ ಯೋಚಿಸುವ ಕೆಲಸವಿಲ್ಲ.

ನಂತರ ಉದ್ದನೆಯ ಚಾಣ ತಂದರು. ಅದರ ಬಾಯನ್ನು ಬುಡದ ಮಡಿಕೆಗೆ ಕೊಟ್ಟು, ಮೊದಲು ನೆಟ್ಟಗೆ ಎರಡು ಪೆಟ್ಟು ಹಾಕಿ ಒಂದು ಕಚ್ಚು ಮಾಡಿಕೊಂಡರು. ಆ ಕಚ್ಚಿನಲ್ಲಿ ಚಾಣವನ್ನು ಓರೆಯಾಗಿ ಕೂರಿಸಿ ಬಾಣದ ದಿಕ್ಕಿಗೆ ಹೊಡೆಯತೊಡಗಿದರು. ಜೋರಾದ ಏಟಲ್ಲ, ಸಣ್ಣ ಸಣ್ಣ ಏಟು, ಒಂದರ ಹಿಂದೆ ಒಂದು. ಚಾಣದ ಬಾಯಿ ಎಂಜಿನ್ನಿನ ಕಡೆ ವಾಲದ ಹಾಗೆ ನೋಡಿಕೊಳ್ಳುವುದೇ ಇಲ್ಲಿ ಮುಖ್ಯ. ಎಂಜಿನ್ನಿನ ಮೈ ಅಲ್ಯುಮಿನಿಯಂ. ರಿಂಗ್ ಕೂರುವ ಜಾಗದಲ್ಲಿ ಒಂದು ಗೀರು ಬಿದ್ದರೆ ಹೊಸ ಫಿಲ್ಟರ್ ಹಾಕಿದರೂ ಆಯಿಲ್ ಸೋರುತ್ತದೆ. ನಾನು ಟಾರ್ಚ್ ಹಿಡಿದು ಗೆರೆಯನ್ನೇ ನೋಡುತ್ತಿದ್ದೆ. ಹತ್ತೋ ಹನ್ನೆರಡೋ ಏಟಿನ ತನಕ ಟಣ್ ಟಣ್ ಅನ್ನುತ್ತಿದ್ದ ಸದ್ದು ಒಮ್ಮೆಲೇ ಮಂದವಾಗಿ ಟಕ್ ಅಂದಿತು. ಗೆರೆ ಕೂದಲೆಳೆಯಷ್ಟು ಮುರಿದಿತ್ತು. ಇನ್ನೆರಡು ಏಟಿಗೆ ಅರ್ಧ ಬೆರಳು ಸರಿಯಿತು.

"ಇನ್ನು ಕೈಯಲ್ಲೇ ಬರುತ್ತೆ, ನೀನೇ ತೆಗಿ" ಅಂದು ಚಾಣ ಕೆಳಗಿಟ್ಟರು. ಹರಿದ ತಗಡು ಕೈ ಕೊಯ್ಯದ ಹಾಗೆ ಬಟ್ಟೆ ಸುತ್ತಿ ತಿರುಗಿಸಿದೆ, ಬಂತು.

ಬಂದ ಫಿಲ್ಟರಿನ ಬಾಯಲ್ಲಿ ರಬ್ಬರ್ ರಿಂಗ್ ಇರಲಿಲ್ಲ. ಅದು ಎಂಜಿನ್ನಿನ ಮೈಗೇ ಕಚ್ಚಿಕೊಂಡು ಕೂತಿತ್ತು, ಹುಣಸೆ ಬೀಜದಷ್ಟು ಗಟ್ಟಿಯಾಗಿ. ನೋಡದೆ ಅದರ ಮೇಲೆಯೇ ಹೊಸ ಫಿಲ್ಟರ್ ಹಾಕಿದ್ದರೆ ರಿಂಗಿನ ಮೇಲೆ ರಿಂಗ್ ಕೂತು, ಓಡುವಾಗ ಒತ್ತಡಕ್ಕೆ ಸರಿದು ಆಯಿಲೆಲ್ಲ ರಸ್ತೆಗೆ, ಹಿಂದಿನ ಚಕ್ರಕ್ಕೆ ಹೋಗುತ್ತಿತ್ತು. ಆಗುಂಬೆ ಘಾಟಿಯ ತಿರುವಿನಲ್ಲಿ ಹಾಗಾದರೆ ಏನಾಗಬಹುದು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಳೆ ರಿಂಗ್ ಬಂದಿದೆಯೇ ಅಂತ ಬೆರಳಾಡಿಸಿ ನೋಡದೆ ಹೊಸ ಫಿಲ್ಟರ್ ಹಾಕಲೇಬೇಡಿ. ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ ತೆಗೆದೆ. ಕಬ್ಬಿಣ ಮುಟ್ಟಿಸಲಿಲ್ಲ. ಫಿಲ್ಟರ್ ಕೂರುವ ಟೊಳ್ಳು ಬೋಲ್ಟ್ ಹಳೆ ಫಿಲ್ಟರಿನ ಜೊತೆಗೇ ಸಡಿಲವಾಗಿ ಬಂದಿಲ್ಲ ಅನ್ನುವುದನ್ನೂ ನೋಡಿಕೊಂಡೆ.

ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲನ್ನು ಬೆರಳಲ್ಲಿ ಸುತ್ತಲೂ ಸವರಿದೆ. ಹೋದ ಸಲ ಈ ಒಂದು ಹನಿ ಆಯಿಲ್ ಸವರಿದ್ದರೆ ರಿಂಗ್ ಹೀಗೆ ಕಚ್ಚುತ್ತಿರಲಿಲ್ಲ ಅನ್ನುವುದು ಅಣ್ಣನ ಮಾತು. ಕೈಯಲ್ಲಿ ತಿರುಗಿಸಿ, ರಿಂಗ್ ಮೈಗೆ ತಾಗಿದ ಕಡೆ ಮಾರ್ಕರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿದು ನಿಲ್ಲಿಸಿದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದು, 10ಡಬ್ಲ್ಯು-50 ದರ್ಜೆಯ ಆಯಿಲ್ ಸುರಿದೆ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಿತು. ಐದು ನಿಮಿಷ ಓಡಿಸಿ ಫಿಲ್ಟರಿನ ಬುಡಕ್ಕೆ ಬಿಳಿ ಕಾಗದ ಒತ್ತಿ ನೋಡಿದೆ, ಕಲೆ ಇರಲಿಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಎಂಜಿನ್ನಿನ ಗಾಜಿನ ಕಿಂಡಿಯಲ್ಲಿ ಆಯಿಲ್ ಮಟ್ಟ ನೋಡಿ ಇನ್ನೊಂದಿಷ್ಟು ಹಾಕಿದೆ.

ಹಳೆ ಆಯಿಲನ್ನು ನಮ್ಮ ಕಡೆ ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವವರಿದ್ದಾರೆ. ನಮ್ಮ ಬಾವಿ ಅಂಗಳದಲ್ಲೇ ಇರುವುದರಿಂದ ನಾನು ಒಂದು ಹನಿಯನ್ನೂ ಮಣ್ಣಿಗೆ ಬಿಡುವುದಿಲ್ಲ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ. ಹರಿದ ಫಿಲ್ಟರನ್ನು ಮಾತ್ರ ತೊಳೆದು ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ. ಪಕ್ಕದ ಮನೆಯ ಹುಡುಗ ಮೊನ್ನೆ ಇಂಥದೇ ಗಾಡಿ ತಗೊಂಡ. ಅವನಿಗೆ ಬುಡದ ಮಡಿಕೆಯನ್ನೂ ಚಾಣದ ಕಚ್ಚನ್ನೂ ಅದರಲ್ಲೇ ತೋರಿಸಿದೆ.